ಅರ್ಪಿತ ರಿಪೇರಿಗೆ ಬಂದ ದಿನ

ಸ್ಕೂಟಿ ನಿಲ್ಲಿಸಿ ಬಾಗಿಲಿಗೆ ಬಂದವಳು, "ಶ್ರೀ ಇದಾನಾ?" ಎಂದು ಕೇಳಿದಳು. ಯಾರನ್ನು ಕೇಳುತ್ತಿದ್ದಾಳೆಂದು ತಿಳಿಯಲು ರಂಜಿತಳಿಗೆ ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಎದೆಯೊಳಗೆ ಚುರ್ ಎಂದಿತು.

ಶ್ರೀನಾಥ ಅವಳ ಗಂಡ. ವೈಶಾಖದಲ್ಲಿ ಮದುವೆಯಾದಾಗಿನಿಂದ ಈ ದಸರೆಯವರೆಗೂ ಅವಳು ಅವನನ್ನು "ಏನ್ರೀ" ಎಂದಲ್ಲದೆ ಬೇರೇನೂ ಕರೆದಿರಲಿಲ್ಲ. ಇವಳು ನೋಡಿದರೆ ಕಬ್ಬಿನ ಜಲ್ಲೆ ಮುರಿದಂತೆ ಅವನ ಹೆಸರನ್ನು ಅರ್ಧಕ್ಕೆ ಮುರಿದು ಬಾಯಿಗೆ ಹಾಕಿಕೊಂಡಿದ್ದಳು.

ಪಾಂಡವಪುರದ ಆ ಮನೆಯದು ತಲೆತಲಾಂತರದ ಚಿನ್ನದ ಕೆಲಸ. ಪಡಸಾಲೆಯಲ್ಲಿ ಮಾವನ ಸುತ್ತಿಗೆ, ಚಿಮಟ. ನಡುಮನೆಯಲ್ಲಿ ಶ್ರೀನಾಥನ ಕಂಪ್ಯೂಟರ್. ಅಪ್ಪನ ಕಸುಬು ಬಿಟ್ಟು ಅವನು ಅದರಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದ. ನಿನ್ನೆ ಆಯುಧಪೂಜೆಯಲ್ಲಿ ಎಲ್ಲದಕ್ಕೂ ಹೂವು, ಕುಂಕುಮ ಸಂದಿದ್ದವು. ಇಂದು ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರ್ ಉಸಿರೇ ಎತ್ತಲಿಲ್ಲ.

ನಾಗಮಂಗಲದವರ ಪತ್ರಿಕೆ ಅರ್ಧಕ್ಕೇ ನಿಂತಿತ್ತು. ಹಬ್ಬಕ್ಕೆಂದು ಮೈಸೂರಿನ ರಿಪೇರಿ ಅಂಗಡಿಗಳೆಲ್ಲ ಮುಚ್ಚಿದ್ದವು. ಆಗ ಅವನಿಗೆ ನೆನಪಾದವಳು ಅರ್ಪಿತ. ಅವನ ಜೊತೆ ಕಂಪ್ಯೂಟರ್ ಕೋರ್ಸ್ ಓದಿ, ಅಂಥದೇ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ರಜಕ್ಕೆ ಶ್ರೀರಂಗಪಟ್ಟಣದ ಮನೆಗೆ ಬಂದಿದ್ದಳು. ಅವನು ಕರೆದದ್ದಕ್ಕೆ ಈಗ ಬಾಗಿಲಲ್ಲಿ ನಿಂತಿದ್ದವಳು ಅವಳೇ.

ಆ ಹೆಸರು ರಂಜಿತಳಿಗೆ ಹೊಸದಲ್ಲ. ಹೋದ ವಾರ ಫೋನಿನಲ್ಲಿ ಗಂಡನ ತಗ್ಗಿದ ದನಿ ಅಡುಗೆಮನೆಗೆ ಕೇಳಿಸಿತ್ತು. "ರಂಜಿತಂಗೆ ಈಗ್ಲೇ ಗೊತ್ತಾಗದು ಬ್ಯಾಡ ಅರ್ಪಿತ. ನಾನೇ ಅವ್ಳಿಗೆ ಏಳ್ತೀನಿ."

ಆ ಮಾತು ಅವಳೊಳಗೆ ಒರೆಗಲ್ಲಿನ ಗೆರೆಯಂತೆ ಉಳಿದುಬಿಟ್ಟಿತ್ತು. ಹಿರಿಯರು ನೋಡಿ ಮಾಡಿದ ಮದುವೆ. ಅವನು ಒಪ್ಪಿದ್ದು ತನ್ನನ್ನೋ, ಬರೀ ಹಿರಿಯರ ಮಾತನ್ನೋ? ಕೇಳಲು ಧೈರ್ಯ ಬಂದಿರಲಿಲ್ಲ.

ಶ್ರೀನಾಥ, ಅರ್ಪಿತ ಇಬ್ಬರೂ ಮೇಜಿನ ಕೆಳಗೆ ತಲೆ ತೂರಿಸಿದರು. ಪ್ಲಗ್ಗಿಗೆ ಟೆಸ್ಟರ್ ಇಟ್ಟರು, ಕರೆಂಟಿತ್ತು. ಸ್ಟೆಬಿಲೈಜರಿನ ದೀಪ ಉರಿಯುತ್ತಿತ್ತು. ವೈರು ಬದಲಾಯಿಸಿದರು, ಆಗಲೂ ಇಲ್ಲ. ಪ್ರತಿ ಸಲವೂ ಒಟ್ಟಿಗೆ "ಇದಲ್ಲ" ಎನ್ನುವರು, ಒಟ್ಟಿಗೆ ನಗುವರು. ಕೆಟ್ಟು ಕೂತ ಯಂತ್ರದ ಮುಂದೆ ಇಷ್ಟೊಂದು ನಗು ಎಲ್ಲಿಂದ ಬರುತ್ತದೋ.

ರಂಜಿತ ಕಾಫಿ ತಂದಳು. ಅರ್ಪಿತಳ ಲೋಟಕ್ಕೆ ಸಕ್ಕರೆ ಮರೆತಿತ್ತು. ಮರೆತದ್ದೆಂದೇ ತನಗೂ ಹೇಳಿಕೊಂಡಳು. ಅರ್ಪಿತ ಒಂದು ಗುಟುಕು ಕುಡಿದು ಸೊಗಸಾಗಿದೆ ಎಂದಳು. ಅವಳು ಸಕ್ಕರೆ ಹಾಕಿಕೊಳ್ಳುವವಳೇ ಅಲ್ಲವಂತೆ. ಅದು ಶ್ರೀನಾಥನಿಗೆ ಮೊದಲೇ ಗೊತ್ತಿತ್ತಂತೆ.

ಆಮೇಲೆ ಅರ್ಪಿತ, ಅವನ ಕೂದಲಿಗೆ ಅಂಟಿದ್ದ ಜೇಡರಬಲೆಯ ಎಳೆಯೊಂದನ್ನು ಎರಡು ಬೆರಳಲ್ಲಿ ತೆಗೆದುಹಾಕಿದಳು. ಮಾತಿನ ನಡುವೆ, ಯೋಚಿಸದೆ. ಹಾಗೆ ಯೋಚಿಸದೆ ತೆಗೆದದ್ದೇ ರಂಜಿತಳನ್ನು ಸುಟ್ಟಿತು. ತಾನಾದರೆ ಆ ತಲೆಯನ್ನು ಮುಟ್ಟಲು ಎಷ್ಟು ಹೊತ್ತು ಯೋಚಿಸುತ್ತಿದ್ದಳೋ.

"ಟಾರ್ಚು ನಾನ್ ಇಡ್ಕತೀನಿ ಕೊಡಿ," ಎಂದು ಗಂಡನ ಕೈಯಿಂದ ಕಿತ್ತುಕೊಂಡು ಇಬ್ಬರ ನಡುವೆ ಕುಳಿತಳು.

ಬೆಳಕು ಯಂತ್ರದ ಮೇಲೆ ನಿಲ್ಲಲಿಲ್ಲ. ಅರ್ಪಿತಳ ಕಿವಿಯೋಲೆ, ಕತ್ತು, ನಕ್ಕಾಗ ಕೆನ್ನೆಯಲ್ಲಿ ಬೀಳುವ ಗುಳಿ, ಹೀಗೆ ಅಲೆಯಿತು.

"ಅಕ್ಕಾ, ರಿಪೇರಿ ಆಗ್ಬೇಕಿರೋದು ನಾನಲ್ಲ," ಎಂದಳು ಅರ್ಪಿತ ಮೆಲ್ಲಗೆ. ಶ್ರೀನಾಥ ತುಟಿ ಕಚ್ಚಿ ನಗು ತಡೆದ.

ಮುಚ್ಚಳ ಬಿಚ್ಚಿ, ಅರ್ಪಿತ ಗುಂಡಿಯನ್ನು ಒತ್ತಿ ಒತ್ತಿ ನೋಡಿದಳು. ಒಳಗೆ ಹೋಗಿ ಕಚ್ಚಿಕೊಳ್ಳದೆ ಹಾಗೇ ವಾಪಸ್ಸು ಬರುತ್ತಿತ್ತು. ಮಾವನ ಚಿಮಟ ತರಿಸಿ ಗುಂಡಿಯ ಸಂದಿಯಿಂದ ಏನನ್ನೋ ಎಳೆದಳು. ಅರಿಶಿನದ ಅಕ್ಕಿಕಾಳು. ನಿನ್ನೆಯ ಅಕ್ಷತೆ, ಹಸಿಯಾಗಿ ಬಿದ್ದು ಒಳಗೇ ಒಣಗಿ ಅಂಟಿಕೊಂಡಿತ್ತು.

ರಂಜಿತಳ ಮುಖ ಬಾಡಿತು. ಕಂಪ್ಯೂಟರಿಗೆ ಪೂಜೆ ಮಾಡಿದ್ದು ಅವಳೇ. ತವರು ಕಿಕ್ಕೇರಿಯಲ್ಲಿ ಅಪ್ಪ ಪೋಸ್ಟಾಫೀಸಿನ ಗುಮಾಸ್ತ. ಅಲ್ಲಿ ಪೂಜೆಗಿದ್ದದ್ದು ಒಂದು ಸೈಕಲ್ಲು. ಅದಕ್ಕೆ ಹಾಕುತ್ತಿದ್ದಂತೆಯೇ ಇಲ್ಲೂ ಕೈತುಂಬ ಅಕ್ಷತೆ ಹಾಕಿದ್ದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ದೊಡ್ಡತಾಯಮ್ಮ ಮಗನನ್ನು ತರಾಟೆಗೆ ತೆಗೆದುಕೊಂಡರು. "ನಿನ್ ಮಿಷಿನ್ಗೆ ನೀನ್ ಪೂಜೆ ಮಾಡದ್ ಬುಟ್ಟು ಇವಳ್ ಕೈಲಿ ಯಾಕ್ಲಾ ಮಾಡ್ಸ್ದೆ? ಆಯುಧ ಯಾರ್ ಇಡಿತಾರೋ ಅವ್ರೇ ಪೂಜೆ ಮಾಡ್ಬೇಕು ಅನ್ನದು ನಿಂಗೊತ್ತಿಲ್ವಾ?"

"ಗೊತ್ತಿದ್ದೇ ಮಾಡ್ಸಿದ್ದು ಕಣವ್ವ," ಎಂದ ಶ್ರೀನಾಥ. ಅವನು ನೋಡುತ್ತಿದ್ದದ್ದು ತಾಯಿಯನ್ನಲ್ಲ. "ಇನ್ಮ್ಯಾಕೆ ಇದರ್ ಮುಂದೆ ಕೂರೋಳು ಇವ್ಳೇ."

ಇಷ್ಟು ವರ್ಷ ಸಂಸಾರ ಮಾಡಿದ ಅತ್ತೆಯೂ ಮಾವನ ಸುತ್ತಿಗೆಗೆ ಒಂದು ಸಲವೂ ಕುಂಕುಮ ಇಟ್ಟವರಲ್ಲ. ಅವರು ಸೊಸೆಯ ಕೈಗಳನ್ನು ನೋಡಿ ಒಳಗೆ ಹೋದರು.

ಫೋನಿನ ಗುಟ್ಟನ್ನು ಬಿಡಿಸಿ ಹೇಳಿದವಳು ಅರ್ಪಿತ. ತನ್ನ ಅಂಗಡಿಗೆ ರಜೆಯಿರುವ ಪ್ರತಿ ಮಂಗಳವಾರ ಬಂದು ರಂಜಿತಳಿಗೆ ಕನ್ನಡ ಟೈಪಿಂಗ್ ಕಲಿಸಬೇಕೆಂದು ಶ್ರೀನಾಥ ದುಂಬಾಲು ಬಿದ್ದಿದ್ದನಂತೆ. ಹಬ್ಬದ ದಿನ ತಾನೇ ಹೇಳುತ್ತೇನೆ ಎಂದಿದ್ದನಂತೆ. ಹೇಳಲು ನಾಚಿ, ಪೂಜೆ ಮಾಡಿಸಿದರೆ ಹೆಂಡತಿಗೆ ತಾನಾಗೇ ಅರ್ಥವಾದೀತು ಎಂದುಕೊಂಡಿದ್ದ. ಇಂಥ ಕಸುಬಿನ ಮನೆಯಲ್ಲಿ ಹುಟ್ಟಿದವಳಿಗಾದರೆ ಆಗುತ್ತಿತ್ತು. ಕಿಕ್ಕೇರಿಯ ಗುಮಾಸ್ತರ ಮಗಳಿಗೆ ಹೇಗಾದೀತು?

ಅರ್ಪಿತ ಗುಂಡಿ ಒತ್ತಿದಳು. ಟಕ್ ಎಂದು ಕೂತಿತು. ಒಳಗಿನ ಫ್ಯಾನು ಗುಂಯ್ ಎಂದಿತು, ಪರದೆಯ ಮೇಲೆ ಬೆಳಕು ಮೂಡಿತು. ಅವಳು ಹೊರಟು ಸ್ಕೂಟಿಯ ಸದ್ದು ದೂರವಾದ ಮೇಲೂ ಗಂಡ ಹೆಂಡತಿ ಆ ಬೆಳಕನ್ನೇ ನೋಡುತ್ತ ನಿಂತಿದ್ದರು.

"ಅದಕ್ಕೇನಾ ಫೋನಲ್ಲಿ ಅಷ್ಟು ಮೆತ್ತಗೆ ಮಾತಾಡ್ತಿದ್ದಿದ್ದು?" ಎಂದಳು ರಂಜಿತ.

"ನೀನ್ ಯಾವಾಗ್ ಕೇಳುಸ್ಕಂಡೆ?"

"ವಾರದಿಂದ ಕೇಳುಸ್ಕತಾನೇ ಇವ್ನಿ."

ಶ್ರೀನಾಥ ತಲೆ ಕೆರೆದುಕೊಂಡ. ಕುರ್ಚಿ ಎಳೆದು ಅವಳನ್ನು ಕೂರಿಸಿ, ಪಕ್ಕಕ್ಕೆ ಒಂದು ಸ್ಟೂಲು ಹಾಕಿಕೊಂಡ. ಆಡಲು ಇಷ್ಟು ದಿನ ಹಿಡಿದ ಮಾತು ಪರದೆಯನ್ನು ನೋಡುತ್ತಲೇ ಬಂತು.

"ನೀನು ಒಳ್ಗೆ, ನಾನು ಇಲ್ಲಿ. ಒಂದೇ ಮನೇಲಿದ್ರೂ ನಿನ್ ಮುಖ ನೋಡ್ಬೇಕಂದ್ರೆ ನೀರ್ ಕೇಳ್ಬೇಕು. ನಿನ್ನ ಪಕ್ದಲ್ಲಿ ಕೂರುಸ್ಕಳಕ್ಕೆ ನಂಗೆ ಬ್ಯಾರೆ ದಾರಿ ಗೊತ್ತಾಗ್ಲಿಲ್ಲ ಕಣೇ."

ಅವನು ದಿನವೂ ಕೇಳಿ ತರಿಸಿಕೊಂಡು, ಕುಡಿಯದೆ ಬಿಡುತ್ತಿದ್ದ ನೀರಿನ ಲೋಟಗಳು ಆಗ ಅವಳ ಕಣ್ಣಮುಂದೆ ಬಂದವು. ಎಷ್ಟು ಸಲ ಗೊಣಗಿಕೊಂಡು ಅವನ್ನು ಎತ್ತಿಟ್ಟಿದ್ದಳೋ. ಕಣ್ಣು ತುಂಬಿಕೊಂಡಿತು. ಅವನ ಕೈ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು, ಒಂದಿಷ್ಟೂ ಯೋಚಿಸದೆ.

"ಮಂಗ್ಳವಾರ ಅರ್ಪಿತ ಬರ್ಲಿ, ಕಲೀತೀನಿ," ಎಂದಳು. "ಆದ್ರೆ ಅವತ್ತು ನೀವು ಮನೇಲಿರ್ಬ್ಯಾಡಿ."