ಕಿಟಕಿ ಅಜ್ಜಿಯ ಮಾತ್ರೆ

“ಮಾತ್ರೆ ಕೆಳಗಿಡಿ! ಇವರ ಹೆಸರೇನು?”

ವಿದೇಶದ ಆ ವೃದ್ಧಾಶ್ರಮದ ಡ್ಯೂಟಿ ನರ್ಸ್ ಅಲ್ಲಿನ ಭಾಷೆಯಲ್ಲೇ ಗದರಿದ. ಅಂದೇ ಕೆಲಸಕ್ಕೆ ಸೇರಿದ್ದ ಹೆಲ್ಪರ್ ಹುಡುಗಿ ಅಜ್ಜಿಯ ಬಾಯಿಯ ಹತ್ತಿರ ಒಯ್ದಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹೆಸರು? ಅವಳಿಗೆಲ್ಲಿ ಗೊತ್ತು!

“ಅಬ್ಬಬ್ಬಾ, ಏನು ಜಂಭ ಇವನಿಗೆ!” ಎಂದು ತನ್ನಷ್ಟಕ್ಕೆ ಗೊಣಗಿದಳು.

“ಜಂಭ ಅಲ್ಲ ಮೇಡಂ, ನಿಯಮ,” ಎಂದ ಅವನು. ಅಚ್ಚ ಕನ್ನಡದಲ್ಲಿ!

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಹೆಲ್ಪರ್ ಅನ್ನುವುದು ಹೆಸರಿಗಷ್ಟೇ. ತನ್ನ ದೇಶದಲ್ಲಿ ಎಂಟು ವರ್ಷ ಐಸಿಯುನಲ್ಲಿ ನರ್ಸ್ ಆಗಿದ್ದವಳು. ಇಲ್ಲಿ ನರ್ಸ್ ಆಗಿ ನೋಂದಣಿಗಾಗಿ ಭಾಷಾ ಪರೀಕ್ಷೆ ಮುಗಿಸಿದ್ದಳು, ಲಿಖಿತ ಪರೀಕ್ಷೆಯನ್ನೂ ಮುಗಿಸಿದ್ದಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಫೇಲ್! ಎರಡು ಸಲವೂ ಒಂದೇ ತಪ್ಪು. ರೋಗಿಯನ್ನು ಪ್ರೀತಿಯಿಂದ ‘ಅಜ್ಜಿ’ ಎಂದು ಕರೆದು, ಹೆಸರು ಕೇಳದೆ, ಹೆಸರು ಬರೆದಿರುವ ಕೈಪಟ್ಟಿ ನೋಡದೆ ಮಾತ್ರೆ ಕೊಟ್ಟಿದ್ದಳು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನಮಗೆ ನಾಲಿಗೆ ಏಳುತ್ತದೆಯೇ, ನೀವೇ ಹೇಳಿ! ಮೂರನೆಯದೇ ಕೊನೆಯ ಅವಕಾಶ. ತಪ್ಪಿದರೆ ವಾಪಸ್.

ನಾಲ್ಕು ವರ್ಷದ ಹಿಂದೆ ಇದೇ ದಾರಿಯಲ್ಲಿ ಬಂದವನು ಅವನು. ಬಿಡುವಿನಲ್ಲಿ ಖಾಲಿ ಹಾಸಿಗೆಯ ಮೇಲೆ ರೋಗಿಯಾಗಿ ಮಲಗಿ ಅವಳಿಗೆ ಅಭ್ಯಾಸ ಮಾಡಿಸುತ್ತಿದ್ದ.

“ಎಲ್ಲಿ ನೋವು ಅಜ್ಜ?”

“ಫೇಲ್! ಹೆಸರು ಕೇಳಿಲ್ಲ. ಸಾಲದ್ದಕ್ಕೆ ನನ್ನ ಅಜ್ಜ ಬೇರೆ ಮಾಡಿಬಿಟ್ರಿ!”

ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ‘ವಾಪಸ್ ಹೋದರೆ ಇವನಿಲ್ಲದೆ ಹೇಗಿರಲಿ...?’

ಪರೀಕ್ಷೆಗೆ ಒಂದು ವಾರವಿತ್ತು. ಆ ಮಧ್ಯಾಹ್ನ ಅವಳನ್ನು ಅವನು ನೋಡಿಕೊಳ್ಳುತ್ತಿದ್ದ, ಅವಳಿಗೆ ಹೊಸದಾದ ವಾರ್ಡಿಗೆ ಹಾಕಿದ್ದರು. ಮೇಲಿನ ಮಹಡಿಯಲ್ಲಿ ಯಾರೋ ಬಿದ್ದರೆಂದು ಕೂಗು ಕೇಳಿ ಅವನು ಓಡುವಾಗ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅವಳ ಕೈಗಿಟ್ಟ.

“ಕಿಟಕಿ ಅಜ್ಜಿಗೆ ಕೊಟ್ಬಿಡಿ!”

ಅವನ ಮನಸ್ಸಿನಲ್ಲಿದ್ದದ್ದು ವರ್ಷಗಳಿಂದ ಕಿಟಕಿಯ ಪಕ್ಕ ಮಲಗುತ್ತಿದ್ದವರು. ಬೆಳಿಗ್ಗೆಯಷ್ಟೇ ಹಾಸಿಗೆ ಅದಲುಬದಲಾದದ್ದು ಮಧ್ಯಾಹ್ನದ ಪಾಳಿಗೆ ಬಂದ ಅವನಿಗೆ ಗೊತ್ತಿರಲಿಲ್ಲ. ಅವಳು ಕಿಟಕಿಯ ಪಕ್ಕದಲ್ಲಿದ್ದವರಿಗೇ ಕೊಟ್ಟಳು.

ಸಕ್ಕರೆ ಕಾಯಿಲೆಯೇ ಇಲ್ಲದ ಆ ಅಜ್ಜಿಗೆ ಸಂಜೆಯೊಳಗೆ ರಕ್ತದ ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

“ನನ್ನ ಹತ್ತಿರ ಬರಬೇಡಿ. ಯಾರಾದ್ರೂ ಕೇಳಿದ್ರೆ ಏನೂ ಗೊತ್ತಿಲ್ಲ ಅನ್ನಿ,” ಎಂದು ಅವನು ಮುಖ ತಿರುಗಿಸಿ ಹೊರಟುಹೋದ.

‘ತನ್ನ ತಲೆ ಉಳಿಸಿಕೊಳ್ಳಲು ನನ್ನನ್ನು ನಡುನೀರಿನಲ್ಲಿ ಕೈಬಿಟ್ಟನಲ್ಲ!’ ಅವಳಿಗೆ ಅನ್ನ ಸೇರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮೇಟ್ರನ್ ಕರೆಸಿದರು.

“ಧೈರ್ಯವಾಗಿ ಪರೀಕ್ಷೆಗೆ ಹೋಗು. ಮಾತ್ರೆ ಕೊಟ್ಟಿದ್ದು ತಾನೇ ಅಂತ ಅವನು ಬರೆದುಕೊಟ್ಟಿದ್ದಾನೆ. ಅವನ ನೋಂದಣಿ ತಡೆಹಿಡಿದಿದ್ದಾರೆ. ನಿನ್ನ ಹೆಸರು ಎಲ್ಲೂ ಇಲ್ಲ.”

ಸುಮ್ಮನಿದ್ದರೆ ಸಾಕಿತ್ತು, ನಾಳೆ ನರ್ಸ್ ಆಗಬಹುದಿತ್ತು! ಆದರೆ ಬಾಗಿಲಾಚೆಯ ಬೆಂಚಿನ ಮೇಲೆ ಆ ಅಜ್ಜಿಯ ಮಗಳು ತಾಯಿಯ ಕನ್ನಡಕ ಹಿಡಿದು ಕೂತಿದ್ದಳು.

“ಕೊಟ್ಟಿದ್ದು ನಾನು. ಹೆಸರು ಕೇಳ್ಲಿಲ್ಲ, ಪಟ್ಟಿ ನೋಡ್ಲಿಲ್ಲ. ಬರ್ಕೊಳ್ಳಿ,” ಎಂದಳು.

ಸಂಜೆಯೊಳಗೆ ಅವಳ ಪರೀಕ್ಷೆ ರದ್ದಾಯಿತು. ಸುದ್ದಿ ತಿಳಿದ ಅವನು ಅವಳ ಕೋಣೆಗೆ ಏದುಸಿರು ಬಿಡುತ್ತಾ ಬಂದ.

“ಹುಚ್ಚು ಹಿಡಿದಿದೆಯಾ ನಿಮಗೆ? ನಿಮ್ಮನ್ನ ಉಳಿಸೋಕೆ ತಾನೇ ನಾನು...!”

“ಯಾಕೆ ಉಳಿಸ್ಬೇಕಿತ್ತು?”

ಅವನು ತಲೆ ತಗ್ಗಿಸಿದ. “ಪ್ರೀತಿಸ್ತೀನಿ. ಅದಕ್ಕೆ... ಆದ್ರೂ ತಪ್ಪು ನನ್ನದೂ ಹೌದು. ಅವತ್ತು ನಾನು ಹೆಸರು ಹೇಳಿದ್ದಿದ್ರೆ ಅವರು ಬದುಕಿರ್ತಿದ್ರು.”

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನೂ ಅತ್ತ. ಪ್ರೀತಿಯ ಮಾತು ಕೇಳಿ ಕುಣಿಯಬೇಕಾದ ಗಳಿಗೆಯಲ್ಲಿ ಇಬ್ಬರ ಕಣ್ಣ ಮುಂದೆಯೂ ಆ ಅಜ್ಜಿಯ ಮುಖವೇ ಇತ್ತು.

“ನಾಳೆ ಹತ್ತಕ್ಕೆ ವಿಚಾರಣೆ,” ಎಂದ. “ಇಬ್ಬರನ್ನೂ ಊರಿಗೆ ವಾಪಸ್ ಕಳಿಸ್ತಾರೆ.”

“ಕಳಿಸ್ಲಿ. ಅವರ ಮಗಳ ಮುಂದೆ ನಿಂತು ಹೇಳ್ಬೇಕಲ್ಲ... ಒಬ್ಬಳೇ ಆಗಲ್ಲ ನನ್ನ ಕೈಲಿ.”

“ಒಟ್ಟಿಗೆ ಹೋಗೋಣ. ಬರ್ತೀರಾ?”

“ಇನ್ನೂ ‘ಬರ್ತೀರಾ’ನಾ?”

ಅವನು ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

“ಬರ್ತೀಯಾ?”

“ಬರ್ತೀನಿ ಕಣೋ...”