ಸಿದ್ಧವ್ವನ ಮಾತೂ ತೇಗದ ದಿಮ್ಮಿಯೂ

ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ ಚಂಪಕಾವತಿ ಎಂಬ ಒಂದು ರಾಜ್ಯ. ಅಲ್ಲಿ ಹಾಲಪ್ಪ ಎಂಬವನು ಒಬ್ಬನೇ ಮರ ಕಡಿದು, ಜೋಡೆತ್ತಿನಲ್ಲಿ ದಿಮ್ಮಿ ಎಳೆದು ಬದುಕುತ್ತಿದ್ದ. ಅವನ ಹೆಂಡತಿ ಸಿದ್ಧವ್ವನ ಬಾಯಿ ಎಂದರೆ ಬಾಯಿ. ಬೆಳಗ್ಗೆ ಶುರುವಾದರೆ ಒಲೆ ಆರಿದ ಮೇಲೂ ನಿಲ್ಲದು. ಹಾಲಪ್ಪನಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೆ ಆ ಸದ್ದಿಲ್ಲದಿದ್ದರೆ ತುತ್ತು ಇಳಿಯುತ್ತಿರಲಿಲ್ಲ.

ಅಲ್ಲಿಯ ಮಾಂತ್ರಿಕ ವಕ್ರಸೇನನಿಗೆ ಹೊಸ ಅರಮನೆಯ ಚಾವಣಿಗೆ ತೊಲೆ ಬೇಕಾಯಿತು. ಬೆಟ್ಟದ ಮೇಲಿನ ತೇಗವೇ ಆಗಬೇಕಂತೆ. ತಾನೇ ಹೋಗಲು ಮಹಾಶಯನಿಗೆ ಜಿಗಣೆ ಭಯ. ಹಾಲಪ್ಪನನ್ನು ಕರೆಸಿ, ಸಿದ್ಧವ್ವನನ್ನು ಗೊರವಂಕ ಹಕ್ಕಿ ಮಾಡಿ ಅವನ ಹೆಗಲ ಮೇಲೆ ಕೂರಿಸಿದ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ದಿಮ್ಮಿ ಬೆಟ್ಟದ ಬುಡಕ್ಕೆ ಬರಬೇಕು, ಇಲ್ಲವಾದರೆ ಅವಳು ಮನುಷ್ಯರ ಮಾತು ಮರೆತು ಹಕ್ಕಿಯಾಗಿಯೇ ಉಳಿಯುತ್ತಾಳೆ ಎಂದ. ನಿನ್ನ ಮುದಿ ಎತ್ತುಗಳನ್ನು ಕಟ್ಟಿಹಾಕು, ನನ್ನ ಸಲಕರಣೆ ನೋಡು ಎಂದೂ ಹೇಳಿದ.

ಮೊದಲ ದಿನ ಕೊಟ್ಟದ್ದು ತಾನೇ ಕಡಿಯುವ ಕೊಡಲಿ. ಮರ ಎತ್ತ ಬೀಳಬೇಕೆಂದು ನೋಡಿ ಏಟು ಹಾಕಬೇಕು ಎಂದು ಹಾಲಪ್ಪ ಹೇಳಿದ್ದೇ ಬಂತು. ಕೊಡಲಿಗೆ ಕಿವಿ ಎಲ್ಲಿದೆ? ಕಚಕಚನೆ ಕಡಿಯಿತು, ತೇಗ ಹೋಗಿ ಪಕ್ಕದ ಮತ್ತಿಮರದ ಕವಲಿಗೆ ಒರಗಿ ನಿಂತಿತು. ಅಷ್ಟಕ್ಕೂ ಬಿಡದೆ ಕೊಡಲಿ ಅವನ ಬುತ್ತಿಯ ರೊಟ್ಟಿಯನ್ನೂ ಚೂರು ಮಾಡಿತು. ಸನ್ನೆಗೋಲು ಹಾಕಿ ಮರ ಕೆಡವುವಷ್ಟರಲ್ಲಿ ಕತ್ತಲು. ಸಿದ್ಧವ್ವ ಹೆಗಲ ಮೇಲಿಂದ ಅವನ ಏಳು ತಲೆಮಾರನ್ನೂ ಬಿಡದೆ ಬೈದಳು.

ಎರಡನೆಯ ದಿನ ತಾನೇ ಓಡುವ ಬಂಗಾರದ ರಥ, ಎಂಟು ಚಕ್ರ. ಕಾಡಿನ ದಾರಿಯೋ ಎರಡೆತ್ತು ಅಕ್ಕಪಕ್ಕ ನಡೆಯುವಷ್ಟು. ಮೊದಲ ತಿರುವಿನಲ್ಲೇ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಹಿಂದಕ್ಕೆ ಸರಿಯಪ್ಪಾ ಎಂದರೆ, ತಾನು ರಾಜವಾಹನ, ಹಿಂದೆ ಸರಿದ ವಂಶವಲ್ಲ ಎಂದಿತು. ಹಾಲಪ್ಪ ಹಣೆ ಹಣೆ ಚಚ್ಚಿಕೊಂಡ. ಅದನ್ನು ಮೀಟಿ ದಾರಿಯಿಂದ ಆಚೆ ಉರುಳಿಸುವಷ್ಟರಲ್ಲಿ ಸಂಜೆ. ಸಿದ್ಧವ್ವನನ್ನು ಮಾತಾಡಿಸಿದ. ಅವಳು ರೊಟ್ಟಿ ಎಂದಳು. ಮುಂದಿನ ಮಾತು ಸಿಗದೆ ಕೊಕ್ಕು ತೆರೆದುಕೊಂಡೇ ಕುಳಿತಳು.

ಮೂರನೆಯ ದಿನ ರೆಕ್ಕೆಯ ಆನೆ. ಇದಾದರೂ ಎತ್ತಿಕೊಂಡು ಹಾರೀತು ಎಂದು ಅವನಿಗೂ ಆಸೆಯಾಯಿತು. ಆನೆ ಒಂದು ಬಿದಿರುಮೆಳೆ ತಿಂದಿತು, ಹಳ್ಳದ ನೀರೆಲ್ಲ ಕುಡಿಯಿತು, ಊಟವಾದ ಮೇಲೆ ಹಾರುವ ಪದ್ಧತಿ ತಮ್ಮಲ್ಲಿಲ್ಲ ಎಂದು ಹೇಳಿ ಮಲಗಿತು. ಸೂರ್ಯ ನೆತ್ತಿಗೆ ಬಂದಿದ್ದ. ಹೆಗಲ ಮೇಲೆ ಬರೀ ಹಕ್ಕಿಯ ಚಿಲಿಪಿಲಿ.

"ಸಾಕಪ್ಪಾ ನಿಮ್ಮ ಸಹವಾಸ" ಎಂದು ಹಾಲಪ್ಪ ಮನೆಗೆ ಓಡಿ ತನ್ನ ಎತ್ತುಗಳನ್ನು ಹೊಡೆದುಕೊಂಡು ಬಂದ. ಕೊಂಬೆ ಸವರಿ, ದಿಮ್ಮಿಯ ಬುಡಕ್ಕೆ ಸರಪಳಿ ಬಿಗಿದು, ಅದು ಸಲೀಸಾಗಿ ಜಾರಲೆಂದು ಅಡಿಗೆ ಹಸಿ ಗಳಗಳನ್ನು ಅಡ್ಡ ಹಾಕಿದ. ಎತ್ತುಗಳು ಉಸಿರು ಬಿಗಿಹಿಡಿದು ಎಳೆದವು. ಕೊನೆಯ ಕಡಿದಾದ ಇಳಿಜಾರಿನಲ್ಲಿ ಎತ್ತು ಕಟ್ಟಿದರೆ ದಿಮ್ಮಿ ಅವುಗಳ ಕಾಲ ಮೇಲೇ ಬರುತ್ತದೆ. ಅದಕ್ಕೇ ಎತ್ತು ಬಿಚ್ಚಿ, ದಿಮ್ಮಿಗೆ ಕಟ್ಟಿದ ಹಗ್ಗವನ್ನು ಒಂದು ಮರಕ್ಕೆ ಎರಡು ಸುತ್ತು ಸುತ್ತಿ, ಮೊಳ ಮೊಳವಾಗಿ ಸಡಿಲ ಬಿಡತೊಡಗಿದ.

ಅಷ್ಟರಲ್ಲಿ ವಕ್ರಸೇನ ಬಂದು ಕೆಳಗೆ, ದಿಮ್ಮಿಯ ನೇರಕ್ಕೇ ನಿಂತ. ತನ್ನ ಸಲಕರಣೆ ಬಿಟ್ಟದ್ದಕ್ಕೆ ಕೆಂಡಾಮಂಡಲವಾಗಿದ್ದ. ದಿಮ್ಮಿಯ ಕೆಳಗೆ ನಿಲ್ಲಬಾರದು ಒಡೆಯರೇ, ಪಕ್ಕಕ್ಕೆ ಬನ್ನಿ ಎಂದು ಹಾಲಪ್ಪ ಒಂದು ಸಲ ಹೇಳಿದ. ಎರಡು ಸಲ ಹೇಳಿದ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದ.

"ಮೊಳ ಮೊಳ ಬಿಟ್ಟರೆ ನಾಳೆಯಾಗುತ್ತದೆ. ನೀನು ನನಗೆ ಕೆಲಸ ಕಲಿಸುತ್ತೀಯಾ?" ಎಂದು ಮಾಂತ್ರಿಕ ನಿಂತಲ್ಲಿಂದಲೇ ಮಂತ್ರದ ಬೆತ್ತ ಬೀಸಿ ಹಗ್ಗವನ್ನು ಕತ್ತರಿಸಿದ.

ದಿಮ್ಮಿ ಸರ್ರನೆ ಇಳಿಯಿತು. ವಕ್ರಸೇನ ಬೆತ್ತದ ಸಮೇತ ಮಣ್ಣು ಸೇರಿದ. ಅವನ ಮಾಟವೂ ಮುರಿದು, ಅವನು ಹಿಂದೆಯೂ ಹಕ್ಕಿ ಮಾಡಿದ್ದವರೆಲ್ಲ ಕೊಂಬೆಕೊಂಬೆಯಿಂದ ಮನುಷ್ಯರಾಗಿ ಇಳಿದುಬಂದರು.

ಸಿದ್ಧವ್ವ ಹೆಗಲ ಮೇಲೆಯೇ ಹೆಂಗಸಾದಳು. ಗಂಡಹೆಂಡಿರಿಬ್ಬರೂ ದೊಪ್ಪನೆ ಬಿದ್ದರು. ಎದ್ದವಳು ಅವನನ್ನೇ ನೋಡುತ್ತ ಸುಮ್ಮನೆ ನಿಂತಳು. ಮಾತು ಹೋಯಿತೇ ಎಂದು ಹಾಲಪ್ಪನ ಜೀವ ಬಾಯಿಗೆ ಬಂತು. ಒಂದು ಮಾತಾಡೇ ಎಂದು ಅಂಗಲಾಚಿದ.

"ಅಲ್ಲಾ ಅಂತೀನಿ, ಈ ಎತ್ತುಗಳನ್ನು ಮೊದಲ ದಿನವೇ ಕಟ್ಟೋಕೆ ನಿಮಗೇನು ರೋಗ ಬಂದಿತ್ತು?" ಎಂದಳು ಸಿದ್ಧವ್ವ.

ಹಾಲಪ್ಪ ಅಲ್ಲೇ ಕುಳಿತು ಅತ್ತುಬಿಟ್ಟ. ಆ ತೇಗದಿಂದ ಅವರ ಮನೆಗೇ ತೊಲೆಯಾಯಿತು. ಅದರ ಕೆಳಗೆ ಅವಳು ಬೈಯುತ್ತ, ಅವನು ಕೇಳುತ್ತ, ನೂರು ವರ್ಷ ಸುಖವಾಗಿ ಬಾಳಿದರು.