ಜಾಡಿಯ ಗಾಜಿನ ಮೇಲೆ ಒಂದು ಹನಿ

"ಮುಟ್ಟಬೇಡಿ!"

ಸ್ಕ್ರೂಡ್ರೈವರ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ಆ ಪುಟ್ಟ ರಿಪೇರಿ ಅಂಗಡಿಗೆ ಒಬ್ಬಳು ಹುಡುಗಿ ದೊಡ್ಡದೊಂದು ಪೆಟ್ಟಿಗೆಯನ್ನು ಎದೆಗವಚಿಕೊಂಡು ನುಗ್ಗಿದ್ದಳು. ಅವಳ ಬೆರಳೆಲ್ಲ ಕೆಂಪು ಕೆಂಪು. ಯಾರನ್ನೋ ಮುಗಿಸಿ ಬಂದವಳ ಹಾಗಿದ್ದಳು.

"ಮುಟ್ಟದೆ ರಿಪೇರಿ ಮಾಡೋ ವಿದ್ಯೆ ನಾನಿನ್ನೂ ಕಲಿತಿಲ್ಲ ಮೇಡಂ," ಎಂದ ರಿಪೇರಿಯವನು.

"ಮುಚ್ಚಳ ತೆಗೀಬೇಡಿ ಅಂದೆ. ಒಳಗೆ ಆರು ಟ್ರೇ ಬೀಟ್‌ರೂಟ್, ಸೇಬು ಇದೆ. ನಿನ್ನೆ ರಾತ್ರಿಯಿಂದ ಒಣಗ್ತಾ ಇತ್ತು. ಇನ್ನೊಂದು ಗಂಟೆ ಓಡಿದ್ರೆ ಮುಗೀತಿತ್ತು, ಅಷ್ಟರಲ್ಲಿ ಫ್ಯಾನ್ ನಿಂತುಹೋಯ್ತು."

"ಬೀಟ್‌ರೂಟಾ?" ಅವನು ಅವಳ ಬೆರಳು ನೋಡಿ ನಿಟ್ಟುಸಿರು ಬಿಟ್ಟ. "ಸದ್ಯ."

ಬಂದ ನಗುವನ್ನು ಅವಳು ಹಲ್ಲು ಕಚ್ಚಿ ತಡೆದಳು. 'ನಗಬಾರದು. ನಕ್ಕರೆ ಸಲಿಗೆ ತಗೋತಾರೆ.'

ಅವನು ಮುಚ್ಚಳ ತೆಗೆಯಲಿಲ್ಲ. ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಮೆಲ್ಲಗೆ ಓರೆ ಮಾಡಿ, ಹಿಂದಿನಿಂದ ಫ್ಯಾನು ಬಿಚ್ಚಿದ. ಅದರ ನಡುವೆ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು. ಅದನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದು, ಅವಳ ಜಡೆಯನ್ನೊಮ್ಮೆ ನೋಡಿದ. ಅವಳ ಕಿವಿ ಬಿಸಿಯಾಯಿತು.

ಈ ಹುಡುಗಿಗೆ ಬೀದಿಯಲ್ಲಿ 'ತಕ್ಕಡಿ' ಎಂದೇ ಅಡ್ಡಹೆಸರು. ಕೆಲಸ ಔಷಧಿ ಅಂಗಡಿಯಲ್ಲಿ. ಅಲ್ಲಿ ಮಾತ್ರೆ ಎಣಿಸುವವಳು ಮನೆಯಲ್ಲಿ ಉಪ್ಪನ್ನೂ ತೂಗುತ್ತಾಳೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆದರೆ ಅವಳು ಸುಮ್ಮಸುಮ್ಮನೆ ತೂಗುತ್ತಿರಲಿಲ್ಲ. ಹೋದ ವರ್ಷ ಅಪ್ಪನಿಗೆ ಹೃದಯಾಘಾತವಾಗಿತ್ತು. "ಕರಿದದ್ದು ಪೂರ್ತಿ ಬಂದ್. ಉಪ್ಪು ಚಿಟಿಕೆ ಲೆಕ್ಕ. ಮೂರು ತಿಂಗಳಲ್ಲಿ ಬಿಪಿ ಇಳೀದಿದ್ರೆ ಆಪರೇಷನ್ನೇ ಗತಿ," ಎಂದಿದ್ದರು ಡಾಕ್ಟರು ಕಳೆದ ವಾರ. ಅಮ್ಮ ಹೋದ ಮೇಲೆ ಅವಳಿಗೆ ಉಳಿದಿದ್ದು ಅಪ್ಪನೊಬ್ಬರೇ. ಆ ಅಪ್ಪನಿಗೋ, ಕುರುಕಲು ತಿಂಡಿ ಇಲ್ಲದೆ ಹೊತ್ತು ಹೋಗದು.

ಹಾಗಾಗಿ ಈ ಒಣಗಿಸುವ ಯಂತ್ರ ಬಂತು. ಕರಿಯುವುದಿಲ್ಲ, ಬೇಯಿಸುವುದೂ ಇಲ್ಲ. ಬೀಟ್‌ರೂಟು, ಸೇಬು, ಕುಂಬಳ ಎಲ್ಲವನ್ನೂ ಹಸಿಯಾಗಿಯೇ ಕಾಗದದಷ್ಟು ತೆಳ್ಳಗೆ ಹೆಚ್ಚಿ, ನಿಂಬೆರಸ ಸವರಿ, ಬೆಚ್ಚಗಿನ ಗಾಳಿಯಲ್ಲಿ ಹನ್ನೆರಡು ಗಂಟೆ ಒಣಗಿಸುವುದು. ಎಣ್ಣೆಯ ಸೋಂಕೂ ಇಲ್ಲದ ಚಿಪ್ಸು.

ಫ್ಯಾನು ಗುಂಯ್ ಎಂದು ತಿರುಗಿತು. ಒಂದು ಗಂಟೆ ಅವಳು ಅಂಗಡಿಯ ಸ್ಟೂಲಿನ ಮೇಲೆ ಕಾವಲು ಕುಳಿತಳು. ಆಮೇಲೆ ಒಂದು ಬಿಲ್ಲೆ ತೆಗೆದು ಅವನ ಕೈಗಿಟ್ಟಳು.

ಅವನು ಬಾಗಿಸಿ ನೋಡಿದ. "ಇದು ಬಗ್ಗುತ್ತಲ್ಲ? ಒಣಗೇ ಇಲ್ಲ."

"ಬಿಸಿ ಇದ್ದಾಗ ಬಗ್ಗುತ್ತೆ. ಬಿಸಿಯಲ್ಲಿ ತೀರ್ಪು ಹೇಳಬಾರದು. ಐದು ನಿಮಿಷ ಆರೋಕೆ ಬಿಡಿ."

ಐದು ನಿಮಿಷದ ಮೇಲೆ ಅವನ ಹಲ್ಲಿನ ನಡುವೆ ಕರುಂ ಎಂದು ಸದ್ದಾಯಿತು. ಅವನ ಹುಬ್ಬು ಮೇಲೇರಿತು. ಕೇಳದೆಯೇ ಎರಡನೆಯದಕ್ಕೆ ಕೈಹಾಕಿದ.

ಹೊರಡುವಾಗ ಅವಳು ಗಾಜಿನ ಜಾಡಿಯೊಂದರ ತುಂಬ ಬೀಟ್‌ರೂಟ್ ಚಿಪ್ಸು ತುಂಬಿ ಕೊಟ್ಟಳು. "ಒಂದು ವಾರ ತಿನ್ನಬೇಡಿ. ದಿನಾ ಒಂದು ಸಲ ಜಾಡಿ ಅಲುಗಾಡಿಸಿ, ಗಾಜು ನೋಡಿ. ಒಳಗಡೆ ಹನಿ ಕೂತರೆ ತೇವ ಉಳಿದಿದೆ ಅಂತ ಅರ್ಥ. ವಾಪಸ್ ತನ್ನಿ, ಮತ್ತೆ ಒಣಗಿಸ್ತೀನಿ."

"ಹನಿ ಬರದಿದ್ರೆ?"

"ತಿಂದು, ಖಾಲಿ ಜಾಡಿ ತನ್ನಿ."

'ಹನಿ ಕೂತರೂ ಕೂರದಿದ್ದರೂ ಇವನು ಬರಲೇಬೇಕು ಅಂತ ಹೇಳಿದೆನಾ ನಾನು?' ಬೀದಿ ದಾಟುವಾಗ ಅವಳಿಗೆ ತಾನಾಗಿಯೇ ನಗು ಬಂತು...

ಮುಂದಿನ ಭಾನುವಾರ ಖಾಲಿ ಜಾಡಿ ಬಂತು. ಅದರ ಮುಂದಿನದಕ್ಕೂ ಬಂತು.

ಅಪ್ಪನಿಗೆ ಅವನನ್ನು ಕಂಡರೆ ಪ್ರಾಣ. ಅಪ್ಪ ಮೂವತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿದವರು. ಅವರ ಗಂಟಲಿಗೆ ಮೆಲ್ಲಗೆ ಮಾತಾಡುವುದು ಗೊತ್ತೇ ಇರಲಿಲ್ಲ. ಒಂದು ಭಾನುವಾರ ಅವನ ಮುಂದೆಯೇ ಮಗಳ ಕಿವಿಯಲ್ಲಿ "ಹುಡುಗ ಚೆನ್ನಾಗಿದಾನೆ ಕಣೇ," ಎಂದರು. ಎದುರು ಮನೆಯಾಕೆ ಕಿಟಕಿಯಿಂದ "ಹೌದು ಹೌದು," ಎಂದಳು. ಜಾಡಿ ಹಿಡಿದು ನಿಂತವನು ಚಪ್ಪಲಿ ಹುಡುಕತೊಡಗಿದ.

ಮಗಳು ಕೆಲಸಕ್ಕೆ ಹೋದ ಮೇಲೆ ಅಪ್ಪ ದಿನವೂ ರಿಪೇರಿ ಅಂಗಡಿಯಲ್ಲಿ ಹೋಗಿ ಕೂರುವುದು ರೂಢಿಯಾಯಿತು. ಎಲ್ಲ ಸರಿಯಿತ್ತು. ಬಿಪಿ ಮಾತ್ರ ಇಳಿಯಲಿಲ್ಲ.

ಎರಡು ತಿಂಗಳು ಕಳೆದವು. ಉಪ್ಪು ತೂಗಿದ್ದೇ ತೂಗಿದ್ದು, ಎಣ್ಣೆ ಮನೆಯಲ್ಲೇ ಇಲ್ಲ. ಆದರೂ ಬಿಪಿ ಇದ್ದಲ್ಲೇ ಇತ್ತು. 'ನಾನು ಎಲ್ಲಿ ತಪ್ತಾ ಇದ್ದೀನಿ?' ಆಪರೇಷನ್ ಎಂಬ ಮಾತು ನೆನಪಾದಾಗಲೆಲ್ಲ ಅವಳು ತೂಗಿದ ಉಪ್ಪನ್ನೇ ಮತ್ತೊಮ್ಮೆ ತೂಗುತ್ತಿದ್ದಳು.

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದು, ಅವಳು ನೇರ ರಿಪೇರಿ ಅಂಗಡಿಗೆ ಹೋದಳು. ಅಪ್ಪ ಸ್ಟೂಲಿನ ಮೇಲಿದ್ದರು. ಅವಳನ್ನು ಕಂಡವರೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಮೇಜಿನ ಮೇಲೆ ಅವಳದೇ ಎರಡು ಜಾಡಿಗಳಿದ್ದವು. ಒಂದರಲ್ಲಿ ಕಡುಗೆಂಪು ಬೀಟ್‌ರೂಟು. ಇನ್ನೊಂದರಲ್ಲಿದ್ದದ್ದು ಹೊಳೆಯುತ್ತಿತ್ತು.

ಒಣಗಿಸಿದ ಚಿಪ್ಸು ಹೊಳೆಯುವುದಿಲ್ಲ.

ಅವಳು ಒಂದನ್ನು ತೆಗೆದು ಔಷಧಿ ಚೀಟಿಯ ಮೇಲಿಟ್ಟು ಒತ್ತಿದಳು. ಎಣ್ಣೆಯ ಕಲೆ ಕಾಸಗಲ ಹರಡಿತು.

"ಯಾರದು ಇದು?"

ಅಪ್ಪನ ಬಾಯಿ ಜೀವಮಾನದಲ್ಲಿ ಮೊದಲ ಸಲ ಕಟ್ಟಿಹೋಗಿತ್ತು. ರಿಪೇರಿಯವನು ಅವರ ಮುಖ ನೋಡಿದ. "ನಂದು," ಎಂದ.

"ನೀವು ಅಪ್ಪನಿಗೂ ಕೊಟ್ರಾ?"

"...ಕೊಟ್ಟೆ."

ಅವಳ ಕಣ್ಣು ತುಂಬಿತು. ಸಿಟ್ಟಿಗೋ ದುಃಖಕ್ಕೋ ಅವಳಿಗೇ ತಿಳಿಯಲಿಲ್ಲ. "ನಮ್ಮಪ್ಪನ ಹೃದಯ ನಿಮ್ಮ ಮಿಕ್ಸರ್ ಅಲ್ಲ, ಕೆಟ್ಟರೆ ಬಿಚ್ಚಿ ಜೋಡಿಸೋಕೆ. ಇನ್ನು ನಮ್ಮ ಮನೆ ಮೆಟ್ಟಿಲು ಹತ್ತಬೇಡಿ."

ಅಪ್ಪನ ತೋಳು ಹಿಡಿದು ಹೊರಟಳು. 'ನಂಬಿದ್ದೆನಲ್ಲ... ಇವನೊಬ್ಬನನ್ನು ತೂಗದೆ ನಂಬಿದ್ದೆನಲ್ಲ!'

ಹದಿನೈದು ದಿನ ಕಳೆದವು. ಖಾಲಿ ಜಾಡಿ ಬರಲಿಲ್ಲ. ಔಷಧಿ ಅಂಗಡಿಗೆ ಹೋಗುವಾಗ ಅವಳು ರಸ್ತೆಯ ಆಚೆ ಬದಿ ಹಿಡಿದು ನಡೆಯತೊಡಗಿದಳು. ಆದರೂ ಕಣ್ಣು ಮಾತು ಕೇಳದೆ ಆ ಬಾಗಿಲ ಕಡೆಗೇ ಹೋಗುತ್ತಿತ್ತು. ಅಪ್ಪ ಕೊಟ್ಟದ್ದನ್ನು ತಕರಾರಿಲ್ಲದೆ ತಿನ್ನುತ್ತಿದ್ದರು. ಅಪ್ಪ ತಕರಾರು ಮಾಡದಿರುವುದು ಅವಳಿಗೆ ಇನ್ನಷ್ಟು ಭಯ ತಂದಿತು.

ಮೂರನೆಯ ಭಾನುವಾರ ಬೆಳಗ್ಗೆ ಅವಳು ಬೀಟ್‌ರೂಟ್ ಹೆಚ್ಚುತ್ತಿದ್ದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಲ್ಕನಿಗೆ ಹೋಗಿ ನೆಟ್ಟಗೆ ನಿಂತರು. ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಕರಿದ ಚಿಪ್ಸಿನ ಕೇಸು! ಆರೋಪಿ ಹಾಜರಿದ್ದಾನಾ?"

ಬೀದಿಯ ಕಿಟಕಿಗಳೆಲ್ಲ ತೆರೆದವು.

"ಅಪ್ಪಾ! ಏನಿದು?"

"ಕರಿದ ಚಿಪ್ಸಿನ ಕೇಸು! ಆರೋಪಿ ಹಾಜರಿದ್ದಾನಾ?" ಮೂರು ಸಲ ಕೂಗಿದರು. ಆಮೇಲೆ ತಾವೇ ಒಳಗೆ ಬಂದು ಮಗಳ ಮುಂದೆ ಕೈಕಟ್ಟಿ ನಿಂತರು. "ಹಾಜರಿದ್ದೇನೆ."

ಅವಳು ಚಾಕು ಕೆಳಗಿಟ್ಟಳು.

"ಕೊಂಡು ತಂದವನು ನಾನು. ನಿನ್ನ ಜಾಡಿಗೆ ಸುರಿದವನೂ ನಾನೇ, ಮಗಳೇ. ಆ ಹುಡುಗನಿಗೆ ಅವತ್ತು ಬೆಳಗ್ಗೆಯಷ್ಟೇ ಗೊತ್ತಾಗಿದ್ದು. ಸಂಜೆಯೊಳಗೆ ನೀವೇ ನಿಮ್ಮ ಮಗಳಿಗೆ ಹೇಳಬೇಕು ಅಂತ ನನ್ನ ಹತ್ರ ಮಾತು ತಗೊಂಡಿದ್ದ. ಅಷ್ಟರಲ್ಲಿ ನೀನು ಬಂದೆ... ನನಗೆ ಬಾಯೇ ಬರಲಿಲ್ಲ."

"ಯಾಕಪ್ಪಾ? ನಾನು ಮಾಡಿದ್ದು ಅಷ್ಟು ಕೆಟ್ಟದಾಗಿತ್ತಾ?"

"ಇಲ್ಲ ಕಣೇ." ಅಪ್ಪನ ದನಿ ಇಳಿಯಿತು. ಇಷ್ಟು ಮೆಲ್ಲಗೂ ಅವರು ಮಾತಾಡಬಲ್ಲರು ಎಂದು ಅವಳಿಗೆ ಆಗಲೇ ತಿಳಿದದ್ದು. "ನಿಮ್ಮಮ್ಮ ಇದ್ದಾಗ ಮನೆ ತುಂಬ ಸದ್ದಿತ್ತು. ನೀನು ಕೆಲಸಕ್ಕೆ ಹೋದ್ರೆ ಗಡಿಯಾರ ಬಿಟ್ಟು ಇನ್ನೇನೂ ಕೇಳಿಸಲ್ಲ. ಕರುಂ ಕುರುಂ ಅಂತ ಏನಾದ್ರೂ ಬಾಯಲ್ಲಿದ್ರೆ ಮನೇಲಿ ಯಾರೋ ಇದ್ದಾರೆ ಅನ್ಸುತ್ತೆ. ಹಾಗೆ ಶುರುವಾದ ಚಟ, ಆಮೇಲೆ ಬಿಡಲಿಲ್ಲ."

ಅವಳು ಅಪ್ಪನ ಎದೆಗೆ ಒರಗಿ ಅತ್ತಳು. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಐದು ಕೆಂಪು ಬೆರಳು ಮೂಡಿದವು. "ನಿಮಗೇನಾದ್ರೂ ಆದ್ರೆ ನಾನು ಯಾರಿಗೋಸ್ಕರ ಹೆಚ್ಚಲಿ ಅಪ್ಪಾ?"

"ಇನ್ನು ಮುಟ್ಟಲ್ಲ. ಬೀದಿಯೆಲ್ಲ ಸಾಕ್ಷಿ." ಅಪ್ಪ ಕಣ್ಣೊರೆಸಿಕೊಂಡರು. "ಹದಿನೈದು ದಿನದಿಂದ ಮುಟ್ಟೂ ಇಲ್ಲ. ಬೇಕಾದ್ರೆ ಬಿಪಿ ನೋಡು."

ನೋಡಿದಳು. ಇಳಿದಿತ್ತು. ಸ್ವಲ್ಪವೇ, ಆದರೆ ನಿಜವಾಗಿ ಇಳಿದಿತ್ತು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

ರಿಪೇರಿಯವನು ಹೊಸ್ತಿಲಾಚೆಯೇ ನಿಂತಿದ್ದ. ಕೈಯಲ್ಲಿ ಬೀಟ್‌ರೂಟ್ ಜಾಡಿ. ಅವಳ ಮುಖ ನೋಡದೆ, ಪಾಠ ಒಪ್ಪಿಸುವವನಂತೆ ಹೇಳಿದ: "ಗಾಜಿನ ಮೇಲೆ ಹನಿ ಬಂದಿದೆ ಮೇಡಂ. ಬಂದ್ರೆ ವಾಪಸ್ ತನ್ನಿ ಅಂದಿದ್ರಿ."

ಅವಳು ಜಾಡಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಮಾತ್ರೆ ಎಣಿಸುವ ಕಣ್ಣಲ್ಲವೇ?

"ತೇವ ಉಳಿದಿದ್ರೆ ಗಾಜಿಗೆ ಮಂಜು ಕವಿದ ಹಾಗೆ ಕಾಣುತ್ತೆ," ಎಂದಳು ನಿಧಾನವಾಗಿ. "ಇಲ್ಲಿ ಬೀಟ್‌ರೂಟ್ ಈಜಾಡ್ತಾ ಇದೆ. ಎಷ್ಟು ನೀರು ಹಾಕಿದ್ರಿ?"

ಅವನು ಕಾಲ್ಬೆರಳು ನೋಡಿಕೊಂಡ. "ಎರಡು ಚಮಚ."

"ಎರಡೇ?"

"...ಅರ್ಧ ಲೋಟ."

"ಯಾಕೆ?"

"ಹದಿನೈದು ದಿನ, ದಿನಾ ಅಲುಗಾಡಿಸಿ ಅಲುಗಾಡಿಸಿ ನೋಡ್ದೆ. ಒಂದು ಹನಿಯೂ ಬರಲಿಲ್ಲ." ಅವನು ಈಗ ತಲೆಯೆತ್ತಿದ. "ಖಾಲಿ ಮಾಡಿ ತರೋಣ ಅಂದ್ರೆ, ನೀವು ಕೊಟ್ಟ ಕೊನೇ ಜಾಡಿ, ತಿನ್ನೋಕೆ ಮನಸ್ಸು ಬರಲಿಲ್ಲ. ನೀವು ಅಷ್ಟು ಚೆನ್ನಾಗಿ ಒಣಗಿಸಿಟ್ರೆ ನಾನು ವಾಪಸ್ ಬರೋದು ಹೇಗೆ?"

ಅವಳು ಜಾಡಿಯನ್ನು ಎದೆಗವಚಿಕೊಂಡಳು. "ನಂದು ಅಂತ ಯಾಕೆ ಸುಳ್ಳು ಹೇಳಿದ್ರಿ?"

"ನನ್ನ ಮೇಲಿನ ನಂಬಿಕೆ ಹೋದ್ರೆ ನಿಮಗೆ ಇನ್ನೊಬ್ಬ ರಿಪೇರಿಯವನು ಸಿಗ್ತಾನೆ. ಅಪ್ಪನ ಮೇಲಿನದು ಹೋದ್ರೆ ಅದನ್ನ ಜೋಡಿಸೋಕೆ ನನಗೂ ಬರಲ್ಲ. ಅವರೇ ಹೇಳ್ತಾರೆ ಅಂತ ಗೊತ್ತಿತ್ತು. ಬೀದಿಗೆಲ್ಲ ಹೇಳ್ತಾರೆ ಅಂತ ಗೊತ್ತಿರಲಿಲ್ಲ."

ಅಳುವಿನ ನಡುವೆಯೇ ಅವಳು ನಕ್ಕುಬಿಟ್ಟಳು. "ಬಿಸಿಯಲ್ಲಿ ತೀರ್ಪು ಹೇಳಬಾರದು ಅಂತ ನಿಮಗೆ ಪಾಠ ಹೇಳಿದವಳು ನಾನು. ನಾನೇ ಹೇಳಿಬಿಟ್ಟೆ. ಕ್ಷಮಿಸ್ತೀರಾ?"

"ಆವತ್ತೇ ಕ್ಷಮಿಸಿದ್ದೆ. ಅದಕ್ಕೂ ಮುಂಚೆಯೇ... ಆ ಕೂದಲು ತೆಗೆದ ದಿನದಿಂದಲೇ ನೀವಂದ್ರೆ ನನಗೆ ಇಷ್ಟ."

ಒಳಗಿನಿಂದ ಅಪ್ಪ ತಮ್ಮ ಪ್ರಕಾರ ಪಿಸುಗುಟ್ಟಿದರು: "ನಂಗೂ ಇಷ್ಟ ಅಂತ ಹೇಳೇ!"

"ಹೇಳಮ್ಮ, ಹೇಳು!" ಎಂದಿತು ಎದುರು ಮನೆಯ ಕಿಟಕಿ.

ಅವಳು ನಾಚಿ ಬಾಗಿಲನ್ನು ಅರ್ಧ ಮುಚ್ಚಿದಳು. ಅಷ್ಟರಲ್ಲಿ ಅವನು ಹೊಸ್ತಿಲು ದಾಟಿ ಒಳಗೆ ಬಂದಿದ್ದ.

"ನಂಗೂ," ಎಂದಳು. "ಈ ಜಾಡಿ ಇನ್ನು ನಿಮ್ಮ ಅಂಗಡಿಗೆ ಹೋಗಲ್ಲ. ಇಲ್ಲೇ ಇರುತ್ತೆ."

"ದಿನಾ ಅಲುಗಾಡಿಸೋರು ಯಾರು?"

"ನೀವೇ ಬಂದು ಅಲುಗಾಡಿಸಿ. ಅಪ್ಪನಿಗೂ ಮನೇಲಿ ಸದ್ದು ಬೇಕಂತೆ."

"ಎಷ್ಟು ದಿನ? ಒಂದು ವಾರಾನಾ?"

"ವಾರ ಸಾಲದು."

"ಮತ್ತೆಷ್ಟು?"

ತಕ್ಕಡಿ ತನ್ನ ಕೆಂಪು ಬೆರಳುಗಳನ್ನು ಅವನ ಅಂಗೈಯಲ್ಲಿಟ್ಟಳು.

"ಗೊತ್ತಿಲ್ಲ. ಇದೊಂದನ್ನ ನಾನು ತೂಗಿಲ್ಲ."